ಕಟ್ಟಡದ ಅಡಿಪಾಯ: ಬಿಡಿ ಫುಟಿಂಗೋ, ರಾಫ್ಟೋ, ಪೈಲೋ?

ಒತ್ತಾಗಿ ಕೂತ ಮರಳು ಮೇಲೇ ಸಿಕ್ಕರೆ ಕಂಬಕ್ಕೊಂದು ಫುಟಿಂಗ್ (ಬುಡದಲ್ಲಿ ಹಾಕುವ ಅಗಲದ ಕಾಂಕ್ರೀಟ್ ಪಾದ) ಸಾಕು, ಖರ್ಚೂ ಕಡಿಮೆ. ಮರಳು ಭಾರ ಬಿದ್ದ ಕೂಡಲೇ ಕುಸಿಯುವಷ್ಟು ಕುಸಿದು ನಿಲ್ಲುತ್ತದೆ. ಜೇಡಿಮಣ್ಣು ಹಾಗಲ್ಲ. ಒಳಗಿನ ನೀರು ನಿಧಾನವಾಗಿ ಹೊರಹೋಗುತ್ತಾ ವರ್ಷಗಟ್ಟಲೆ ಕುಸಿಯುತ್ತದೆ. ಇಡೀ ಕಟ್ಟಡ ಸಮನಾಗಿ ಕುಸಿದರೆ ಅಷ್ಟು ತೊಂದರೆಯಿಲ್ಲ. ಒಂದು ಕಂಬ ಜಾಸ್ತಿ, ಪಕ್ಕದ್ದು ಕಡಿಮೆ ಕುಸಿದಾಗಲೇ ಕಿಟಕಿಯ ಮೂಲೆಯಿಂದ ಓರೆ ಬಿರುಕು ಬರೋದು. ಅಂಥ ಮೆತ್ತನೆ ನೆಲಕ್ಕೆ ರಾಫ್ಟ್ (ಇಡೀ ಕಟ್ಟಡದಡಿ ಹಾಕುವ ಒಂದೇ ಕಾಂಕ್ರೀಟ್ ಹಾಸು) ಮೇಲು, ಭಾರ ಹರಡುತ್ತದೆ. ಫುಟಿಂಗ್‌ಗಳೇ ಅರ್ಧಕ್ಕಿಂತ ಜಾಸ್ತಿ ಜಾಗ ತಿನ್ನುವಂತಿದ್ದರೂ ನನ್ನ ಮತ ರಾಫ್ಟ್‌ಗೇ.

ಪೈಲ್, ಅಂದರೆ ನೆಲದೊಳಗೆ ಆಳಕ್ಕೆ ಇಳಿಸುವ ಕಂಬ, ದುಬಾರಿ. ಗಟ್ಟಿ ಪದರ ಆಳದಲ್ಲಿದ್ದರೆ, ಅಥವಾ ನೆನೆದಾಗ ಉಬ್ಬಿ ಒಣಗಿದಾಗ ಕುಗ್ಗುವ ಎರೆಮಣ್ಣಿದ್ದರೆ ಅದನ್ನು ಯೋಚಿಸಿ.

ಆರಿಸುವ ಮೊದಲು ಮಣ್ಣು ಪರೀಕ್ಷೆ ಮಾಡಿಸಲೇಬೇಕು. 63.5 ಕೆಜಿ ಸುತ್ತಿಗೆಯನ್ನು 75 ಸೆಂ.ಮೀ. ಎತ್ತರದಿಂದ ಬೀಳಿಸಿ, ನೆಲಕ್ಕೆ ಹೊಡೆದಿಳಿಸುವ ಕೊಳವೆ ಕೊನೆಯ 30 ಸೆಂ.ಮೀ. ಇಳಿಯಲು ಎಷ್ಟು ಪೆಟ್ಟು ಬೇಕಾಯಿತು ಅಂತ ಎಣಿಸುತ್ತಾರೆ. ಪೆಟ್ಟು ಜಾಸ್ತಿ ಬೇಕಾದಷ್ಟೂ ನೆಲ ಗಟ್ಟಿ, ಹಾಗಾಗಿ ಆ ಎಣಿಕೆಯನ್ನು ನೀವೇ ಕೇಳಿ ನೋಡಿ.