ಕಾಕವಿ ಬೆರೆಸಿದ ಜೇನು: ನೀರಿನ ಲೋಟ, ಎಫ್‌ಟಿಐಆರ್, ಕೈಯಲ್ಲಿ ಹಿಡಿಯುವ ಎನ್‌ಐಆರ್

ನನ್ನ ಸೋದರಮಾವ ಸಿಂದಗಿ ಕಡೆ ಸೂರ್ಯಕಾಂತಿ ಹೊಲಗಳ ಬದುವಿನಲ್ಲಿ ಜೇನುಪೆಟ್ಟಿಗೆ ಇಡುತ್ತಾರೆ. ಹೋದ ವರ್ಷ ಅವರ ಇಪ್ಪತ್ತು ಕಿಲೋ ಜೇನುತುಪ್ಪವನ್ನು ಬೆಳಗಾವಿಯ ವ್ಯಾಪಾರಿಯೊಬ್ಬರು ವಾಪಸ್ ಕಳಿಸಿದರು. ಡಬ್ಬಿಯ ತಳದಲ್ಲಿ ಹರಳು ಕಟ್ಟಿತ್ತು, ಅಷ್ಟೇ ಕಾರಣ. "ನಾ ಸಕ್ಕರಿ ಹಾಕಿಲ್ಲೋ ಅಳ್ಯಾ," ಅಂತ ಮಾವ ಫೋನಿನಲ್ಲಿ ಹೇಳಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು. ಸೂರ್ಯಕಾಂತಿ ಜೇನಿನಲ್ಲಿ ಗ್ಲೂಕೋಸ್ ಜಾಸ್ತಿ. ಬೇಗ ಹೆಪ್ಪುಗಟ್ಟುವುದು ಅದರ ಗುಣ.

ನಾನು ಬೆಳಗಾವಿಯ ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬಿನಲ್ಲಿ ಇರುವವನು. ಸರಿ, ನಾನೇ ನೋಡಿಬಿಡೋಣ ಅಂದುಕೊಂಡೆ. ಮಾವನ ಜೇನು, ಖಾನಾಪುರ ಕಾಡಿನ ಕಪ್ಪು ಜೇನು ಎರಡನ್ನೂ ತಂದೆ. ಕಬ್ಬಿನ ಗಾಣದಿಂದ ಒಂದು ಬಾಟಲಿ ಕಾಕವಿಯನ್ನೂ (ದ್ರವ ಬೆಲ್ಲ) ತಂದೆ. ನೂರು ಗ್ರಾಮಿಗೆ 5, 10, 20 ಗ್ರಾಂ ಕಾಕವಿ ಬರುವಂತೆ ತೂಗಿ ಬೆರೆಸಿದೆ.

ಮೊದಲು ನೀರಿನ ಲೋಟ. ಕರಗದೆ ತಳಕ್ಕಿಳಿದರೆ ಅಸಲಿ ಅಂತ ಎಲ್ಲ ಮನೆಗಳಲ್ಲೂ ಮಾಡುವುದು ಇದನ್ನೇ, ಅಲ್ವಾ? ಇದನ್ನು ಬಿಟ್ಟುಬಿಡಿ. 20 ಗ್ರಾಂ ಕಾಕವಿ ಸೇರಿದ ಜೇನು ನೂಲಿನಂತೆ ತಳಕ್ಕಿಳಿದು ಕೂತಿತು. ಈ ಪರೀಕ್ಷೆ ತೋರಿಸುವುದು ಮಂದ ಎಷ್ಟಿದೆ ಅನ್ನುವುದನ್ನು ಮಾತ್ರ. ಹಸಿ ಎರಿಯಿಂದ ಬೇಗ ತೆಗೆದ ಅಸಲಿ ಜೇನು ನೀರಿನಲ್ಲಿ ಬೇಗ ಕರಗುತ್ತದೆ, ದಪ್ಪ ಪಾಕ ಮುಳುಗುತ್ತದೆ.

ಎಫ್‌ಟಿಐಆರ್, ಅಂದರೆ ಯಾವ ಇನ್‌ಫ್ರಾರೆಡ್ ಬೆಳಕನ್ನು ವಸ್ತು ಹೀರುತ್ತದೆ ಅಂತ ನೋಡಿ ಅದರಲ್ಲಿ ಏನಿದೆ ಅಂತ ಹೇಳುವ ಮಷೀನು. ಅದರಲ್ಲಿ ನನಗೆ ನಂಬಿಕೆ ಬಂದದ್ದು ನಿಧಾನವಾಗಿ. ಕಡಲೆಕಾಳಿನಷ್ಟೂ ಇಲ್ಲದ ವಜ್ರದ ಕಿಂಡಿಯ ಮೇಲೆ ಒಂದು ಹನಿ ಇಟ್ಟರೆ ಸಾಕು, ಇನ್‌ಫ್ರಾರೆಡ್ ಬೆಳಕು ಅದನ್ನು ಮುಟ್ಟಿ ವಾಪಸ್ ಬರುತ್ತದೆ. ಒಂದು ನಿಮಿಷದಲ್ಲಿ ಗ್ರಾಫ್ ಸಿದ್ಧ. ಗ್ರಾಫಿನ ಅಂಕಿಗಳು ಬೆಳಕಿನ ತರಂಗಸಂಖ್ಯೆ, ಅಂದರೆ ಒಂದು ಸೆಂಟಿಮೀಟರಿಗೆ ಎಷ್ಟು ಅಲೆ ಅನ್ನುವುದು. 1640ರ ಹತ್ತಿರ ನೀರಿನ ಉಬ್ಬು. ಸಕ್ಕರೆಗಳ ಗುರುತೆಲ್ಲ 1200ರಿಂದ 800ರ ನಡುವೆ. ಜೇನಿನಲ್ಲಿ ಇರುವುದು ಹೆಚ್ಚಾಗಿ ಫ್ರುಕ್ಟೋಸ್ ಮತ್ತು ಗ್ಲೂಕೋಸ್. ಕಾಕವಿಯಲ್ಲಿ ಸುಕ್ರೋಸ್ (ನಾವು ಬಳಸುವ ಸಕ್ಕರೆಯೇ) ಮುಂದು, ಅದರ ಉಬ್ಬು 995ರ ಆಸುಪಾಸಿನಲ್ಲಿ ಏಳುತ್ತದೆ. 20 ಗ್ರಾಂ ಬೆರೆಸಿದ ಸ್ಯಾಂಪಲ್‌ನಲ್ಲಿ ಆ ಉಬ್ಬು ಬರಿಗಣ್ಣಿಗೇ ಕಂಡಿತು. 10ರಲ್ಲಿ ಅಸಲಿ ಜೇನಿನ ಗ್ರಾಫನ್ನು ಮೇಲಿಟ್ಟು ಕಳೆದಾಗ ಕಂಡಿತು. 5ರಲ್ಲಿ ನಾನು ಖಚಿತವಾಗಿ ಹೇಳಲಾರೆ. ಕಾಡಿನ ಜೇನು, ಸೂರ್ಯಕಾಂತಿ ಜೇನು ಇವುಗಳ ನಡುವಿನ ಸಹಜ ವ್ಯತ್ಯಾಸವೇ ಅಷ್ಟಿತ್ತು.

ಹರಳು ಕಟ್ಟಿದ ಜೇನನ್ನು ನೇರವಾಗಿ ಇಡಬಾರದು. ಮೊದಲ ದಿನ ಹಾಗೇ ಇಟ್ಟು ಮೂರು ಸಲ ಮೂರು ಬಗೆಯ ಗ್ರಾಫ್ ಬಂತು. ಆಮೇಲೆ 40 ಡಿಗ್ರಿ ನೀರಿನಲ್ಲಿ ಬಾಟಲಿ ಇಟ್ಟು ಕರಗಿಸಿದೆ, ಮೂರೂ ಒಂದರ ಮೇಲೊಂದು ಕೂತವು. ಅದಕ್ಕಿಂತ ಜಾಸ್ತಿ ಕಾಯಿಸಬೇಡಿ. ಸಕ್ಕರೆ ಕಾದಾಗ ಹುಟ್ಟುವ ಎಚ್‌ಎಂಎಫ್ ಅನ್ನುವ ರಾಸಾಯನಿಕ ಏರುತ್ತದೆ. ನಮ್ಮ ದೇಶದ ನಿಯಮದಲ್ಲಿ ಅದರ ಮಿತಿ ಕಿಲೋಗೆ 80 ಮಿಲಿಗ್ರಾಂ.

ಕೈಯಲ್ಲಿ ಹಿಡಿಯುವ ಎನ್‌ಐಆರ್ (ಕಣ್ಣಿಗೆ ಕಾಣುವ ಬೆಳಕಿಗೆ ಹತ್ತಿರದ ಇನ್‌ಫ್ರಾರೆಡ್) ಯಂತ್ರ ಎರಡು ದಿನ ಡೆಮೊಗೆ ಸಿಕ್ಕಿತು. ಗಾಜಿನ ಬಾಟಲಿಗೆ ಒತ್ತಿದರೆ ಸಾಕು, ಸಂತೆಗೂ ಒಯ್ಯಬಹುದು. ನೀರಿನ ಅಂಶ ಹೇಳುವುದರಲ್ಲಿ ಗಟ್ಟಿಗ, ಬೆಳಕು ಎಷ್ಟು ಬಾಗುತ್ತದೆ ಅಂತ ನೋಡಿ ನೀರಿನ ಅಂಶ ಅಳೆಯುವ ನಮ್ಮ ರಿಫ್ರ್ಯಾಕ್ಟೋಮೀಟರಿನ ಅಂಕಿಗೆ ಸಮಸಮ ಬಂತು. ಆದರೆ ಹರಳು ಕಟ್ಟಿದ ಮಾವನ ಜೇನಿಗೆ 'ಅನುಮಾನ' ಅಂದಿತು. ಕರಗಿಸಿದ ಅದೇ ಜೇನಿಗೆ 'ಶುದ್ಧ' ಅಂದಿತು! ಹರಳುಗಳು ಬೆಳಕನ್ನು ಚದುರಿಸುತ್ತವೆ. ಮೇಲಾಗಿ ಒಳಗಿನ ಲೆಕ್ಕಕ್ಕೆ ಬೇರೆ ಊರಿನ ಜೇನುಗಳೇ ಆಧಾರ. ರೈತನ ಮಾಲನ್ನು ಇದರ ಒಂದು ಮಾತಿನ ಮೇಲೆ ತಿರಸ್ಕರಿಸುವುದು ಅನ್ಯಾಯ.

ನನ್ನ ಆಯ್ಕೆ ಎಫ್‌ಟಿಐಆರ್. ಆದರೆ ಅದಕ್ಕೂ ಸಿಗದ ಕಳ್ಳ ಇದ್ದಾನೆ. ಕಬ್ಬಿನ ಸಕ್ಕರೆಯನ್ನೇ ಒಡೆದು ಮಾಡಿದ ಇನ್ವರ್ಟ್ ಪಾಕದಲ್ಲಿ ಇರುವುದೂ ಗ್ಲೂಕೋಸ್, ಫ್ರುಕ್ಟೋಸ್. ಗ್ರಾಫ್ ಜೇನಿನಂತೆಯೇ ಬರುತ್ತದೆ. ಅದಕ್ಕೆ ಕಾರ್ಬನ್ ಐಸೊಟೋಪ್ ಪರೀಕ್ಷೆ, ಅಂದರೆ ಹಗುರ ಮತ್ತು ಭಾರದ ಕಾರ್ಬನ್‌ಗಳ ಪ್ರಮಾಣ ಅಳೆಯುವ ಪರೀಕ್ಷೆ ಬೇಕು. ಗಾಳಿಯಿಂದ ಕಾರ್ಬನ್ ಹಿಡಿಯುವ ರೀತಿಯಲ್ಲಿ ಗಿಡಗಳಲ್ಲಿ ಸಿ3, ಸಿ4 ಅಂತ ಬಗೆಗಳಿವೆ. ಕಬ್ಬು, ಮೆಕ್ಕೆಜೋಳ ಸಿ4 ಗಿಡಗಳು. ಜೇನುಹುಳ ಮಕರಂದ ಹೀರುವ ಗಿಡಗಳು ಬಹುತೇಕ ಸಿ3, ಅವುಗಳ ಕಾರ್ಬನ್ ಲೆಕ್ಕವೇ ಬೇರೆ. ಇನ್ನು ಅಕ್ಕಿ ಪಾಕ ಬೆರೆಸಿದರೆ ಅಕ್ಕಿಯೂ ಸಿ3. ಆಗ ಎನ್‌ಎಂಆರ್‌ಗೇ (ಬಲವಾದ ಅಯಸ್ಕಾಂತದಲ್ಲಿಟ್ಟು ಒಳಗಿನ ಅಣುಗಳನ್ನು ಗುರುತಿಸುವ ಪರೀಕ್ಷೆ) ಹೋಗಬೇಕು. 2020ರ ಡಿಸೆಂಬರ್‌ನಲ್ಲಿ ದೆಹಲಿಯ ಪರಿಸರ ಸಂಸ್ಥೆ ಸಿಎಸ್‌ಇ (ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್) ಹೇಳಿದ್ದೂ ಇದನ್ನೇ: ಇಲ್ಲಿನ ಪರೀಕ್ಷೆ ದಾಟಿದ ಹಲವು ಬ್ರ್ಯಾಂಡ್‌ಗಳು ಜರ್ಮನಿಯ ಎನ್‌ಎಂಆರ್‌ನಲ್ಲಿ ಬಿದ್ದಿದ್ದವು.

ಮಾವನ ಗ್ರಾಫಿನಲ್ಲಿ 995ರ ಹತ್ತಿರ ಆ ಉಬ್ಬು ಇರಲಿಲ್ಲ. ಪ್ರಿಂಟ್ ತೆಗೆದು ಕಳಿಸಿದ್ದೇನೆ. ಈಗ ಲ್ಯಾಬಿನ ಫ್ರಿಜ್ಜಿನಲ್ಲಿ ನಮ್ಮ ಕಡೆಯ ಒಂದೊಂದು ಹೂವಿನ ಜೇನಿಗೂ ಚೀಟಿ ಅಂಟಿಸಿ ಇಡುತ್ತಿದ್ದೇನೆ, ಹೋಲಿಸಲು ಬೇಕಲ್ಲ. ಕುಸುಬಿ ಹೂ ಮುಗಿದ ಮೇಲೆ ಎರಡು ಬಾಟಲಿ ಕೊಡುತ್ತೇನೆ ಅಂದಿದ್ದಾರೆ ಮಾವ.