ಕೋರ್ಟ್ ಹತ್ತಿರದ ಟೈಪಿಂಗ್ ಅಂಗಡಿ: ಕಾಗದಪತ್ರ ಇವರ ಹತ್ತಿರವೇ ಮಾಡಿಸಿ

ಬೆಳಗಾವಿ ಜಿಲ್ಲಾ ಕೋರ್ಟ್ ಹತ್ತಿರ ಟೈಪಿಂಗ್, ಜೆರಾಕ್ಸ್ ಅಂಗಡಿಗಳಿಗೆ ಬರವಿಲ್ಲ. ನಾನು ಹೇಳುತ್ತಿರುವುದು ಕೋರ್ಟಿನಿಂದ ನಿವೃತ್ತರಾದ ಗುಮಾಸ್ತರೊಬ್ಬರು ನಡೆಸುವ ಅಂಗಡಿ. ಒಳಗೆ ಇಬ್ಬರು ನಿಂತರೆ ಮೂರನೆಯವರಿಗೆ ಜಾಗ ಇಲ್ಲ. ಆದರೆ ಕೆಲಸ ಅಚ್ಚುಕಟ್ಟು.

ಬೆಳಗಾವಿಯ ಶಹಾಪುರದಲ್ಲಿ ನನ್ನದು ಚಿನ್ನದ ಕೆಲಸದ ಸಣ್ಣ ವರ್ಕ್‌ಶಾಪ್. ಕುಸುರಿ ಮಾಡುವ ಹುಡುಗರು ಪಶ್ಚಿಮ ಬಂಗಾಳದ ಮೇದಿನಿಪುರದವರು. ದೆಹಲಿಯ ಸುದ್ದಿ ಕೇಳಿದಾಗಿನಿಂದ ಅವರ ಮನೆಯವರಿಗೆ ನಿದ್ದೆ ಇಲ್ಲ. 2025ರ ಜೂನ್‌ನಲ್ಲಿ ಅಲ್ಲಿ ದುಡಿಯುತ್ತಿದ್ದ, ಪಶ್ಚಿಮ ಬಂಗಾಳದ್ದೇ ಆದ ಬೀರ್‌ಭೂಮ್ ಜಿಲ್ಲೆಯ ಆರು ಜನರನ್ನು ಬಾಂಗ್ಲಾದೇಶಿಗಳು ಅಂತ ಹಿಡಿದು, ಕೆಲವೇ ದಿನಗಳಲ್ಲಿ ಗಡಿ ದಾಟಿಸಿದರು. ಅದರಲ್ಲಿ ಒಬ್ಬಾಕೆ ಗರ್ಭಿಣಿ, ಜೊತೆಗೆ ಮಕ್ಕಳು. ನಮ್ಮ ಹುಡುಗರಿಗೂ ಹೀಗಾದರೆ? ಅದಕ್ಕೇ ದಾಖಲೆಗಳ ಫೈಲ್ ಮಾಡಿಸಲು ಕರೆದುಕೊಂಡು ಹೋದೆ.

ಆಧಾರ್ ಜೆರಾಕ್ಸ್ ಮಾಡಿ ದುಡ್ಡು ತಗೊಂಡು ಕಳಿಸುವವರೇ ಜಾಸ್ತಿ. ಇವರು ಹಾಗಲ್ಲ. ಆಧಾರ್ ಪೌರತ್ವದ ಪುರಾವೆ ಅಲ್ಲ ಎಂದು ಮೊದಲೇ ಹೇಳಿದರು. ಜನನ ಪತ್ರ, ಶಾಲೆಯ ಸರ್ಟಿಫಿಕೇಟ್, ತಂದೆಯ ಜಮೀನಿನ ಕಾಗದ, ಹಳೆಯ ಮತದಾರರ ಪಟ್ಟಿಯ ಪುಟ ತರಿಸಲು ಹೇಳಿದರು. ಕನ್ನಡಕ ಹಣೆಗೇರಿಸಿ ಒಂದೊಂದೇ ಹೆಸರಿನ ಮೇಲೆ ಪೆನ್ಸಿಲ್ ಆಡಿಸಿದರು. ಒಬ್ಬ ಹುಡುಗನ ವೋಟರ್ ಕಾರ್ಡ್‌ನಲ್ಲಿ ‘ಎಸ್‌ಕೆ’, ಆಧಾರ್‌ನಲ್ಲಿ ‘ಶೇಖ್’. ಎರಡೂ ಒಬ್ಬನೇ ಎಂದು ಅಫಿಡವಿಟ್ ಟೈಪ್ ಮಾಡಿ, ನೋಟರಿ ಹತ್ತಿರ ಅವರೇ ಕಳಿಸಿದರು. ಫೈಲ್ ಒಳಗೆ ಉಚಿತ ಕಾನೂನು ನೆರವಿನ 15100 ನಂಬರ್ ಬರೆದರು. ಕಸ್ಟಡಿಯಲ್ಲಿ ಇರುವವರಿಗೆ ವಕೀಲರ ಖರ್ಚಿಲ್ಲ, ಬಂಧಿಸಿದರೆ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು ಎಂಬುದನ್ನೂ ಹುಡುಗರಿಗೆ ಹಿಂದಿಯಲ್ಲಿ ಬಿಡಿಸಿ ಹೇಳಿದರು.

ಕಲ್ಕತ್ತಾ ಹೈಕೋರ್ಟಿನ ಆದೇಶದ ಬಗ್ಗೆಯೂ ಮಾತು ಬಂತು. 2025ರ ಸೆಪ್ಟೆಂಬರ್ 26ರಂದು ಕೋರ್ಟು ಆ ಗಡೀಪಾರು ರದ್ದು ಮಾಡಿ, ನಾಲ್ಕು ವಾರದಲ್ಲಿ ಆರೂ ಜನರನ್ನು ವಾಪಸ್ ಕರೆತನ್ನಿ ಎಂದಿತ್ತು. ನಾಲ್ಕು ವಾರ ಕಳೆದರೂ ಯಾರೂ ಬರಲಿಲ್ಲ. ಕೇಂದ್ರ ಸುಪ್ರೀಂ ಕೋರ್ಟಿಗೆ ಹೋಯಿತು. ಕಡೆಗೆ ಡಿಸೆಂಬರ್‌ನಲ್ಲಿ ಆ ಗರ್ಭಿಣಿ ಮತ್ತು ಮಗ ಮಾತ್ರ ಮಾಲ್ಡಾ ಗಡಿಯಿಂದ ಒಳಗೆ ಬಂದರು, ಅದೂ ಮಾನವೀಯತೆಯ ಲೆಕ್ಕದಲ್ಲಿ. ಗೆದ್ದ ಮೇಲೂ ಇಷ್ಟು ಕಾಯಬೇಕಾ? ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಗುಮಾಸ್ತರು ಒಂದು ಕೆಲಸದ ಮಾತು ಹೇಳಿದರು. ಕೋರ್ಟ್ ಆದೇಶವನ್ನು ಅಧಿಕಾರಿಗಳು ಪಾಲಿಸದಿದ್ದರೆ ನ್ಯಾಯಾಂಗ ನಿಂದನೆ ಅರ್ಜಿ ಹಾಕಬಹುದು. ಆದರೆ 1971ರ ಕಾಯ್ದೆಯಲ್ಲಿ ಅದಕ್ಕೆ ಒಂದು ವರ್ಷದ ಗಡುವು ಇದೆ. ಸಾಹೇಬರು ನೋಡುತ್ತಾರೆ ಅಂತ ಸುಮ್ನೆ ಕುಳಿತರೆ ಆ ವರ್ಷ ಕಳೆದೇ ಹೋಗುತ್ತದೆ. ಆದೇಶದ ದೃಢೀಕೃತ ಪ್ರತಿ ತೆಗೆಸಿ, ಕಚೇರಿಗೆ ಕೊಟ್ಟು, ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಬೇಕು. ಭೂಸ್ವಾಧೀನದ ಪರಿಹಾರಕ್ಕೆ ಅಲೆಯುವ ನಮ್ಮ ರೈತರಿಗೂ ಇದು ಬೇಕಾದ ಮಾತೇ. ಬೆಳಗಾವಿ, ಬಾಗಲಕೋಟೆಯವರಿಗೆ ಹೈಕೋರ್ಟ್ ಎಂದರೆ ಧಾರವಾಡ ಪೀಠ, ವಿಜಯಪುರದವರಿಗೆ ಕಲಬುರಗಿ. ಇದನ್ನೂ ಕೇಳಿದವರಿಗೆಲ್ಲ ತಾಳ್ಮೆಯಿಂದ ಹೇಳುತ್ತಾರೆ.

ಕೊರತೆ ಇಲ್ಲ ಅಂತಲ್ಲ. ಕೂರಲು ಒಂದೇ ಸ್ಟೂಲ್. ಬಂಗಾಳಿ ಕಾಗದ ಓದುವವರಿಲ್ಲ, ಅನುವಾದ ಹೊರಗೆ ಮಾಡಿಸಬೇಕಾಯಿತು. ದರ ಮಾತ್ರ ನ್ಯಾಯವಾಗಿದೆ, ತಪ್ಪಾದ ಪುಟಕ್ಕೆ ಮತ್ತೆ ದುಡ್ಡು ಕೇಳುವುದಿಲ್ಲ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ.

ಬೆಳಿಗ್ಗೆ ಕೋರ್ಟ್ ಶುರುವಾಗುವ ಹೊತ್ತಿಗೆ ವಕೀಲರ ಗದ್ದಲ, ಸಂಜೆ ನಾಲ್ಕರ ಮೇಲೆ ಹೋಗಿ. ಒರಿಜಿನಲ್ ಎಲ್ಲಾ ಒಯ್ಯಿರಿ. ಮೊಬೈಲ್‌ನಲ್ಲಿ ಫೋಟೊ ತೋರಿಸಿದರೆ ಅವರು ಮುಟ್ಟುವುದಿಲ್ಲ.