ಸ್ಟಾರ್ ಜಾಸ್ಮಿನ್ ಬಳ್ಳಿ – 5 ವರ್ಷ ಬೆಳೆಸಿದ್ಮೇಲೆ ಬರೀತಿರೋದು

ಮೊದಲ್ನೇ ವರ್ಷವೇ ಬರೆದಿದ್ರೆ 2 ಸ್ಟಾರ್ ಕೊಡ್ತಿದ್ದೆ, ಈಗ ಧಾರಾಳವಾಗಿ 4 ಕೊಡ್ತೀನಿ. ಹೆಸರಲ್ಲಿ ಜಾಸ್ಮಿನ್ ಇದ್ರೂ ಇದು ಮಲ್ಲಿಗೆ ಜಾತಿ ಅಲ್ಲ, ಕಣಗಿಲೆ, ನಂದಿಬಟ್ಟಲು ಇರೋ ಕುಟುಂಬದ್ದು. ಹೂವು ಪುಟ್ಟ ನಂದಿಬಟ್ಟಲು ಥರಾನೇ, ಐದು ಎಸಳು ಗಿರಗಿಟ್ಲೆ ಹಾಗೆ ತಿರುಚ್ಕೊಂಡಿರತ್ತೆ, ಆದ್ರೆ ಘಮ ಮಾತ್ರ ಇದರದ್ದೇ, ಸಂಜೆ ಹೊತ್ತು ಕಿಟಕಿ ತೆಗೆದ್ರೆ ಸಾಕು ರೂಮೆಲ್ಲಾ ತುಂಬ್ಕೊಳತ್ತೆ.

ಬೇಗ ಬೆಳಿಯತ್ತೆ ಅಂತ ಹೇಳಿ ಗಿಡ ಕೊಟ್ಟಿದ್ರು, ಅದು ಸುಳ್ಳು. ಎರಡು ವರ್ಷ ಬೇರು ಬಿಟ್ಕೊಳೋದ್ರಲ್ಲೇ ಕಳೀತು, ಮೇಲೆ ಏನೂ ಕಾಣ್ಲಿಲ್ಲ. ಮೂರನೇ ವರ್ಷ ಗೋಡೆಗೆ ಕಟ್ಟಿದ್ದ ತಂತಿ ಹಿಡ್ಕೊಂಡು ಒಂದೇ ಸಮ ಹತ್ತೋಕೆ ಶುರು ಮಾಡ್ತು, ಆ ಬೇಸಿಗೆ ಮೊದಲ ಹೂವೂ ಬಂತು. ತಾನಾಗೇ ಗೋಡೆ ಹಿಡಿಯೋ ಬಳ್ಳಿ ಅಲ್ಲ, ಸುತ್ಕೊಂಡು ಹತ್ತೋದು, ಹಾಗಾಗಿ ತಂತಿನೋ ಜಾಲರಿನೋ ನೆಡೋ ದಿನವೇ ಹಾಕಿಬಿಡಿ.

ದಯವಿಟ್ಟು ಇದೊಂದು ಗಮನಿಸಿ. ಬಳ್ಳಿ ಕೆದರಿದೆ ಅಂತ ನಾನು ಚಳಿಗಾಲದ ಕೊನೇಲಿ ಚೆನ್ನಾಗಿ ಟ್ರಿಮ್ ಮಾಡ್ದೆ, ಆ ವರ್ಷ ಹೂವೇ ಇಲ್ಲ, ಅಲ್ಲೊಂದು ಇಲ್ಲೊಂದು ಅಷ್ಟೇ, ತುಂಬಾ ಬೇಜಾರಾಯ್ತು. ಹಿಂದಿನ ವರ್ಷ ಬೆಳೆದ ಕೊಂಬೆ ಮೇಲೇನೇ ಹೆಚ್ಚಾಗಿ ಮೊಗ್ಗು ಕಟ್ಟೋದು, ಅದನ್ನೇ ನಾನು ಕತ್ತರಿಸಿ ಹಾಕಿದ್ದೆ. ಹೂವಿನ ಸೀಸನ್ ಮುಗಿದ ತಕ್ಷಣ ಕತ್ತರಿಸ್ಬೇಕು, ಆಮೇಲೆ ಕೈ ಹಾಕ್ಬಾರ್ದು. ಕತ್ತರಿಸೋವಾಗ ಹಾಲು ಸೋರತ್ತೆ, ಕೆಲವರಿಗೆ ಚರ್ಮ ಕೆರೆಯತ್ತೆ, ಗ್ಲೌಸ್ ಇರ್ಲಿ.

ಚಳಿಗೆ ಎಲೆ ಕೆಂಪಾಗತ್ತೆ, ಹೆದರ್ಬೇಡಿ, ರೋಗ ಅಲ್ಲ, ಎಲೆ ಉದುರೋದೂ ಇಲ್ಲ, ಬಿಸಿಲು ಬಂದ್ಮೇಲೆ ಮತ್ತೆ ಹಸಿರು. ಆದ್ರೆ ನರ ಹಸಿರಾಗೇ ಇದ್ದು ಎಳೇ ಎಲೆ ಹಳದಿ ಆದ್ರೆ ಅದು ಕಬ್ಬಿಣದ ಕೊರತೆ ಇರ್ಬಹುದು, ಸುಣ್ಣದ ಅಂಶ ಜಾಸ್ತಿ ಇರೋ ಮಣ್ಣಲ್ಲಿ ಹಾಗಾಗತ್ತೆ. ಎಲೆ ಮೇಲೆ ಕಪ್ಪು ಮಸಿ ಕಂಡ್ರೆ ಅಡಿಗೆ ತಿರುಗಿಸಿ ನೋಡಿ, ಶಲ್ಕ ಕೀಟ, ಅಂದ್ರೆ ಚಿಪ್ಪಿನ ಥರ ಕಾಣೋ, ರಸ ಹೀರೋ ಪುಟ್ಟ ಹುಳ ಅಂಟ್ಕೊಂಡಿರ್ಬಹುದು. ನಾನು ಬಟ್ಟೇಲಿ ಒರೆಸಿ ಬೇವಿನೆಣ್ಣೆ ಸ್ಪ್ರೇ ಮಾಡ್ದೆ, ಎರಡ್ಮೂರು ಸಲ ಮಾಡಿದ್ಮೇಲೆ ಹೋಯ್ತು.

ನೀರು ಮೊದಲೆರಡು ಬೇಸಿಗೆ ತಪ್ಪಿಸ್ಬಾರ್ದು, ಆಮೇಲೆ ಅಷ್ಟು ಕೇಳಲ್ಲ. ಒಂದು ಸ್ಟಾರ್ ಕಮ್ಮಿ ಕೊಟ್ಟಿದ್ದು ಹೂವು ವರ್ಷಕ್ಕೆ ಕೆಲವೇ ವಾರ ಇರತ್ತೆ ಅಂತ, ಆದ್ರೆ ಉಳಿದ ದಿನ ಆ ಹೊಳೆಯೋ ಹಸಿರು ಗೋಡೆ ನೋಡೋಕೂ ನಂಗೆ ಖುಷೀನೇ.